ಕುದುರೆಗೇ ಕಾಲುನೋವು ಬಂದರೆ

ನಡೆಯಲು ಬೇಸರಪಡುವವರನ್ನು ನಮ್ಮಲ್ಲಿ 'ಕುದುರೆ ಕಂಡರೆ ಕಾಲುನೋವು' ಎಂದು ಆಡಿಕೊಳ್ಳುತ್ತಾರೆ. ಕುದುರೆಗೇ ಕಾಲುನೋವು ಬಂದರೆ ಏನು ಮಾಡಬೇಕು ಎಂಬುದಕ್ಕೆ ಗಾದೆಯಿಲ್ಲ. ಆ ಪ್ರಶ್ನೆ ನನಗೆ ಎದುರಾದದ್ದು ಕಾರವಾರದ ಕಡಲತೀರದಲ್ಲಿ, ಒಂದು ಏಪ್ರಿಲ್ ಸಂಜೆ. ಪ್ರವಾಸಿಗರ ಮಕ್ಕಳನ್ನು ಕೂರಿಸಿಕೊಂಡು ಮರಳಿನ ಮೇಲೆ ಓಡಾಡುವ ಕಂದು ಕುದುರೆಯೊಂದು ತನ್ನ ಎಡ ಮುಂಗಾಲನ್ನು ಅಳೆದು ತೂಗಿ ಊರುತ್ತಿತ್ತು.

ನಾನು ಶಿರಸಿ ಕಡೆಯ ಪಶುವೈದ್ಯ. ವೃತ್ತಿಯ ಮುಕ್ಕಾಲು ಪಾಲು ಕೊಟ್ಟಿಗೆಗಳಲ್ಲಿ, ಆಕಳು ಎಮ್ಮೆಗಳ ನಡುವೆ ಕಳೆದಿದೆ. ಕುದುರೆಯ ಪರಿಚಯವೆಂದರೆ ಕಾಲೇಜಿನ ಪಾಠ, ಮತ್ತು ಎಂದೋ ಒಮ್ಮೆ ಮದುವೆ ಮೆರವಣಿಗೆಯ ಕುದುರೆಗೆ ಕೊಟ್ಟ ಇಂಜೆಕ್ಷನ್. ಆದರೂ ಮಾಲೀಕ 'ಡಾಕ್ಟರೇ, ಒಂದು ಸಲ ನೋಡಿ' ಎಂದಾಗ ಒಲ್ಲೆನೆನ್ನಲು ಆಗಲಿಲ್ಲ. ಮೊಣಕಾಲಿನ ಕೆಳಗೆ ಹಿಂಬದಿಯಲ್ಲಿ ಬಿಲ್ಲು ಬಾಗಿದಂತೆ ಊತವಿತ್ತು, ಮುಟ್ಟಿದರೆ ಬಿಸಿ. ನೋವಿನ ಔಷಧಿ ಕೊಟ್ಟೆ, ತಣ್ಣೀರು ಹಾಕಲು ಹೇಳಿದೆ, ಒಂದು ತಿಂಗಳು ಕಟ್ಟಿಹಾಕಿ ಎಂದೆ. ತಿಂಗಳು ಕಳೆಯಿತು. ಊತ ಇಳಿದಿತ್ತು, ಕುಂಟು ಹೋಗಿತ್ತು. 'ಇನ್ನು ಕೆಲಸಕ್ಕೆ ಹಚ್ಚಬಹುದು' ಎಂದು ಧೈರ್ಯವಾಗಿ ಹೇಳಿ ಬಂದೆ. ಹನ್ನೆರಡನೆಯ ದಿನ ಫೋನ್ ಬಂತು. ಈ ಬಾರಿ ಕುದುರೆ ಆ ಕಾಲನ್ನು ನೆಲಕ್ಕೆ ಊರಲೇ ಒಲ್ಲದು.

ಎಲ್ಲಿ ತಪ್ಪಿದೆ ಎಂದು ಹುಡುಕುತ್ತ ಹೋದಾಗ ಗೊತ್ತಾದದ್ದು, ನಾನು ಒಂದು ಮಾತಿನಲ್ಲಿ ಮುಗಿಸಿದ ಕೆಲಸಕ್ಕೆ ಜಗತ್ತಿನಲ್ಲಿ ಪ್ರತ್ಯೇಕ ವಿದ್ಯೆಯೇ ಇದೆ ಎಂಬುದು. ಸ್ಪರ್ಧೆಯ ಕುದುರೆಯನ್ನು ಹದಗೊಳಿಸುವುದು, ಗಾಯಗೊಂಡದ್ದನ್ನು ಮರಳಿ ಹದಕ್ಕೆ ತರುವುದು. ಇವುಗಳನ್ನು ಕಂಡೀಷನಿಂಗ್ ಮತ್ತು ಪುನಶ್ಚೇತನ ಎಂದು ಎರಡಾಗಿ ಕರೆದರೂ ಬೇರು ಒಂದೇ. 'ಹದ' ಎಂಬ ನಮ್ಮ ಪದ ಇದಕ್ಕೆ ಅಳತೆ ತೆಗೆದು ಹೊಲಿದಂತಿದೆ. ಆಲೆಮನೆಯಲ್ಲಿ ಪಾಕ ನೋಡುತ್ತ ಕೂತವನಿಗೆ ಕೊಪ್ಪರಿಗೆಯನ್ನು ಯಾವಾಗ ಇಳಿಸಬೇಕೆಂಬುದು ಗಡಿಯಾರದಿಂದ ತಿಳಿಯುವುದಿಲ್ಲ. ಆದರೆ ಬೆಲ್ಲ ಮಾಡುವವನ ಎದುರು ಇರುವುದು ಒಂದು ಕೊಪ್ಪರಿಗೆ. ಕುದುರೆ ಹದಗೊಳಿಸುವವನ ಎದುರು ಐದು ಇರುತ್ತವೆ, ಒಂದೊಂದೂ ಒಂದೊಂದು ಕಾಲಕ್ಕೆ ಪಾಕಕ್ಕೆ ಬರುವಂಥವು.

ಮೊದಲು ಹದಕ್ಕೆ ಬರುವುದು ಹೃದಯ ಮತ್ತು ರಕ್ತ. ಸುಮ್ಮನೆ ನಿಂತ ಕುದುರೆಯ ಹೃದಯ ನಿಮಿಷಕ್ಕೆ 30ರಿಂದ 40 ಸಲ ಬಡಿಯುತ್ತದೆ. ನಾಗಾಲೋಟದಲ್ಲಿ ಅದು 220 ದಾಟುತ್ತದೆ. ಓಟ ಶುರುವಾಗುತ್ತಿದ್ದಂತೆ ಗುಲ್ಮ (ಸ್ಪ್ಲೀನ್) ಹಿಂಡಿಕೊಂಡು, ತಾನು ಕೂಡಿಟ್ಟ ಕೆಂಪು ರಕ್ತಕಣಗಳನ್ನೆಲ್ಲ ರಕ್ತಕ್ಕೆ ಸುರಿಯುತ್ತದೆ. ಅಷ್ಟು ಹೆಚ್ಚುವರಿ ಆಮ್ಲಜನಕ ಒಯ್ಯುವ ಶಕ್ತಿ ಕ್ಷಣದಲ್ಲಿ ಸಿಗುತ್ತದೆ. ಈ ವ್ಯವಸ್ಥೆ ಕೆಲವೇ ವಾರಗಳ ವ್ಯಾಯಾಮಕ್ಕೆ ಚುರುಕಾಗುತ್ತದೆ. ಮಾಂಸಖಂಡಗಳು ಬಲಗೊಳ್ಳಲು ಮೂರು ನಾಲ್ಕು ತಿಂಗಳು ಬೇಕು. ಮೂಳೆಯದು ವಿಚಿತ್ರ ಸ್ವಭಾವ. ಹೊಸ ಭಾರ ಬಿದ್ದಾಗ ಅದು ಮೊದಲು ಹಳೆಯ ಭಾಗವನ್ನು ಅಗೆದು ತೆಗೆಯುತ್ತದೆ, ಆಮೇಲೆ ಗಟ್ಟಿಯಾಗಿ ತುಂಬಿಕೊಳ್ಳುತ್ತದೆ. ಅಗೆತ ಮುಗಿದು ತುಂಬುವುದು ಬಾಕಿಯಿರುವ ನಡುವಣ ದಿನಗಳಲ್ಲಿ ಮೂಳೆ ಮೊದಲಿಗಿಂತ ದುರ್ಬಲ. ರೇಸಿಗೆ ಪಳಗಿಸುವ ಎರಡು ವರ್ಷದ ಮರಿಗಳಿಗೆ ಮುಂಗಾಲಿನ ಕೊಳವೆ ಮೂಳೆಯ ಎದುರುಭಾಗ ನೋಯುವುದಕ್ಕೆ ಇದೂ ಒಂದು ಕಾರಣ. ಗೊರಸು ತಿಂಗಳಿಗೆ 6ರಿಂದ 10 ಮಿಲಿಮೀಟರ್ ಬೆಳೆಯುತ್ತದೆ, ತುದಿಯವರೆಗೆ ಹೊಸದಾಗಲು ಒಂದು ವರ್ಷದ ಹತ್ತಿರ. (ಗೊರಸಿನ ಮೇಲಿನ ಉಂಗುರಗಳನ್ನು ನೋಡಿ ಹೋದ ವರ್ಷ ಕುದುರೆಗೆ ಜ್ವರ ಬಂದಿತ್ತೇ, ಮೇವು ಬದಲಾಗಿತ್ತೇ ಎಂದು ಊಹಿಸುವ ಅನುಭವಿಗಳಿದ್ದಾರೆ. ಮರದ ಉಂಗುರ ಎಣಿಸಿದ ಹಾಗೆ.)

ಐದನೆಯದು ಸ್ನಾಯುರಜ್ಜು, ಸ್ನಾಯುವನ್ನು ಮೂಳೆಗೆ ಕಟ್ಟುವ ಟೆಂಡನ್. ನನ್ನ ತಪ್ಪು ಅಡಗಿದ್ದದ್ದು ಅಲ್ಲಿ.

ಕುದುರೆಯ ಮುಂಗಾಲನ್ನು ಸರಿಯಾಗಿ ನೋಡಿದರೆ ಅದೊಂದು ಕೈ ಎಂದು ಗೊತ್ತಾಗುತ್ತದೆ. ನಾವು ಮೊಣಕಾಲು ಎನ್ನುವುದು ವಾಸ್ತವದಲ್ಲಿ ಅದರ ಮಣಿಕಟ್ಟು. ಅದರ ಕೆಳಗಿರುವುದು ನಡುಬೆರಳು ಮಾತ್ರ, ಗೊರಸು ಎಂದರೆ ಆ ಬೆರಳಿನ ಉಗುರು. ಸುಮಾರು 450-500 ಕಿಲೋ ತೂಗುವ ಪ್ರಾಣಿ ನಾಲ್ಕು ಉಗುರುಗಳ ಮೇಲೆ ನಿಂತಿದೆ, ಆ ಭಾರದಲ್ಲಿ ನೂರಕ್ಕೆ ಅರವತ್ತು ಪಾಲು ಮುಂದಿನ ಎರಡರ ಮೇಲೆ. ಮಣಿಕಟ್ಟಿನಿಂದ ಕೆಳಗೆ ಲೆಕ್ಕಕ್ಕೆ ಸಿಗುವ ಮಾಂಸವೇ ಇಲ್ಲ. ಮೇಲಿರುವ ಸ್ನಾಯುಗಳ ಎಳೆತವನ್ನು ಕೆಳಗೆ ಒಯ್ಯುವುದು ಹಗ್ಗಗಳಂಥ ರಜ್ಜುಗಳು. ಕಾಲಿನ ಹಿಂಬದಿಯಲ್ಲಿ ಚರ್ಮದ ಅಡಿಯಲ್ಲೇ ಹಾದುಹೋಗುವ ರಜ್ಜು ಇವುಗಳಲ್ಲೆಲ್ಲ ಹೆಚ್ಚು ಪೆಟ್ಟು ತಿನ್ನುವಂಥದು. ನಾಗಾಲೋಟದಲ್ಲಿ ಒಂದೇ ಮುಂಗಾಲು ನೆಲದ ಮೇಲಿರುವ ಕ್ಷಣದಲ್ಲಿ ದೇಹದ ತೂಕದ ಎರಡೂವರೆ ಪಟ್ಟು ಬಲ ಅದರ ಮೇಲೆ ಬೀಳುತ್ತದೆ. ಆಗ ಈ ರಜ್ಜು ತನ್ನ ಉದ್ದದ 16 ಶೇಕಡಾದವರೆಗೂ ಹಿಗ್ಗುವುದುಂಟು. ಸ್ಪ್ರಿಂಗಿನಂತೆ ಹಿಗ್ಗಿ ಶಕ್ತಿ ಕೂಡಿಟ್ಟು ಮರುಹೆಜ್ಜೆಗೆ ವಾಪಸು ಕೊಡುವುದೇ ಅದರ ಕೆಲಸ. ಈ ಹಿಗ್ಗು ಕುಗ್ಗುಗಳಲ್ಲಿ ಸ್ವಲ್ಪ ಶಕ್ತಿ ಶಾಖವಾಗಿ ಉಳಿಯುತ್ತದೆ, ಓಡುತ್ತಿರುವ ಕುದುರೆಯ ರಜ್ಜಿನ ಒಳತಿರುಳು 45 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿಯಾಗುವುದನ್ನು ಅಳೆದಿದ್ದಾರೆ. ಒಡೆಯುವ ಗಡಿಗೆ ಇಷ್ಟು ಹತ್ತಿರದಲ್ಲಿ ದಿನನಿತ್ಯ ದುಡಿಯುವ ಅಂಗ ದೇಹದಲ್ಲಿ ಇನ್ನೊಂದು ಇರಲಾರದು.

ಕಾರವಾರದ ಬೈತಖೋಲ್ ಬಂದರಿನಲ್ಲಿ ದೋಣಿ ಕಟ್ಟುವ ಹಗ್ಗಗಳನ್ನು ನೋಡಿದವರಿಗೆ ಗಾಯದ ಬಗೆ ಸುಲಭವಾಗಿ ಅರ್ಥವಾಗುತ್ತದೆ. ಹಗ್ಗ ಒಮ್ಮೆಲೇ ತುಂಡಾಗುವುದು ಕಡಿಮೆ. ಒಳಗಿನ ಎಳೆಗಳು ಒಂದೊಂದಾಗಿ ಹರಿಯುತ್ತ ಬರುತ್ತವೆ, ಹೊರಗಿನಿಂದ ನೋಡಿದರೆ ಹಗ್ಗ ಗಟ್ಟಿಯೇ ಇದೆ. ಕುದುರೆಯ ರಜ್ಜಿನಲ್ಲೂ ಗಾಯ ಬಹಳ ಸಲ ನಡುತಿರುಳಿನಲ್ಲಿ ಆಗುತ್ತದೆ. ದೇಹ ಅದನ್ನು ತುಂಬಲು ಹೊರಡುತ್ತದೆ, ಆದರೆ ಅವಸರದಲ್ಲಿ ತುಂಬುವುದು ಮೊದಲಿದ್ದ ಜಾತಿಯ ಕೊಲಾಜೆನ್ ನಾರನ್ನಲ್ಲ. ಅದಕ್ಕಿಂತ ತೆಳುವಾದ, ಬಲ ಕಡಿಮೆಯ ನಾರನ್ನು, ಅದೂ ಅಡ್ಡಾದಿಡ್ಡಿಯಾಗಿ. ಉರಿಯೂತ ಇಳಿಯಲು ಎರಡು ವಾರ ಸಾಕು, ಅದರೊಂದಿಗೆ ನೋವೂ ಇಳಿಯುತ್ತದೆ. ಬಿಡಿ ನಾರುಗಳು ಒಂದೇ ದಿಕ್ಕಿಗೆ ಹೊಂದಿಕೊಂಡು, ತಕ್ಕಮಟ್ಟಿಗೆ ಗಟ್ಟಿಯಾಗಲು ಒಂಬತ್ತು ತಿಂಗಳಿನಿಂದ ಒಂದೂವರೆ ವರ್ಷ ಬೇಕು. ಇಷ್ಟಾದರೂ ಅದು ಹಿಂದಿನ ರಜ್ಜು ಆಗುವುದಿಲ್ಲ, ಒಳ್ಳೆಯ ತೇಪೆ ಆಗುತ್ತದೆ. ನಾನು ನೋವು ಮಾಯವಾದ ದಿನವನ್ನು ಗಾಯ ಮಾಗಿದ ದಿನವೆಂದು ಓದಿದ್ದೆ. ನಡುವೆ ಎಂಟು ತಿಂಗಳ ಅಂತರವಿತ್ತು.

ಹಾಗಾದರೆ ಒಂಬತ್ತು ತಿಂಗಳು ಕಟ್ಟಿಹಾಕಿದರೆ ಆಯಿತಲ್ಲ ಎಂದರೆ, ಅದೂ ಸಲ್ಲದು. ಭಾರವೇ ಬೀಳದಿದ್ದರೆ ನಾರುಗಳಿಗೆ ಯಾವ ದಿಕ್ಕಿಗೆ ಹೊಂದಿಕೊಳ್ಳಬೇಕೆಂದು ತಿಳಿಯುವುದಿಲ್ಲ. ತೆಂಗಿನ ನಾರನ್ನು ಎಳೆಯುತ್ತ ಹೊಸೆದರೆ ಹಗ್ಗ, ಗುಡ್ಡೆ ಹಾಕಿಟ್ಟರೆ ಅದು ಬರೀ ನಾರು. ಆದ್ದರಿಂದ ಪುನಶ್ಚೇತನವೆಂದರೆ ಅಳೆದು ಕೊಟ್ಟ ಭಾರ. ಮೊದಲ ವಾರಗಳಲ್ಲಿ ದಿನಕ್ಕೆರಡು ಸಲ ಐದರಿಂದ ಹತ್ತು ನಿಮಿಷ ಕೈಯಲ್ಲಿ ಹಿಡಿದು, ಗಟ್ಟಿ ಸಮನೆಲದ ಮೇಲೆ, ನೇರ ಸಾಲಿನಲ್ಲಿ ನಡೆಸುವುದು. ವಾರಕ್ಕೆ ಐದೈದು ನಿಮಿಷ ಏರಿಸುತ್ತ ಮೂರು ತಿಂಗಳ ಹೊತ್ತಿಗೆ ಮುಕ್ಕಾಲು ಗಂಟೆಯ ಹತ್ತಿರ ತರುವುದು. ಅಲ್ಟ್ರಾಸೌಂಡಿನಲ್ಲಿ ನಾರು ಕೂಡಿಕೊಂಡದ್ದು ಕಂಡರೆ ಮಾತ್ರ ಟ್ರಾಟ್, ಅಂದರೆ ನಡಿಗೆಗಿಂತ ಚುರುಕಾದ ಸಣ್ಣ ಓಟ, ಒಂದೆರಡು ನಿಮಿಷ. ಆರು ತಿಂಗಳಿನ ನಂತರ ಕ್ಯಾಂಟರ್, ಅಂದರೆ ಟ್ರಾಟ್‌ಗಿಂತ ಜೋರು, ನಾಗಾಲೋಟಕ್ಕಿಂತ ನಿಧಾನದ ಓಟ. ಪ್ರತಿ ಎರಡು ಮೂರು ತಿಂಗಳಿಗೊಮ್ಮೆ ಮತ್ತೆ ಚಿತ್ರ ತೆಗೆದು ನೋಡುವುದು. ಒಂದು ಬಾರಿಗೆ ಒಂದನ್ನೇ ಬದಲಿಸಬೇಕು ಎಂಬುದು ಇಲ್ಲಿ ಕಟ್ಟುನಿಟ್ಟಿನ ನಿಯಮ. ಹೊತ್ತು ಹೆಚ್ಚಿಸಿದ ವಾರ ವೇಗ ಹೆಚ್ಚಿಸಕೂಡದು, ವೇಗ ಹೆಚ್ಚಿಸಿದ ವಾರ ನೆಲ ಬದಲಿಸಕೂಡದು. ಕೆಟ್ಟರೆ ಯಾವುದರಿಂದ ಕೆಟ್ಟಿತು ಎಂದು ಗೊತ್ತಾಗಬೇಕಲ್ಲ.

ಅಂದಹಾಗೆ, ಹಸುವಿನ ಗರ್ಭ ನೋಡಲು ನಾವು ಬಳಸುವ ಅಲ್ಟ್ರಾಸೌಂಡ್ ಪ್ರೋಬಿನಿಂದಲೇ ಕುದುರೆಯ ರಜ್ಜನ್ನೂ ನೋಡಬಹುದು. ಆ ಯಂತ್ರ ನನ್ನ ಜೀಪಿನಲ್ಲೇ ಇತ್ತು. ಅದನ್ನು ಏಪ್ರಿಲ್‌ನಲ್ಲಿ ಹೊರತೆಗೆಯಬೇಕೆಂದು ತೋಚದೇ ಹೋದದ್ದು ಇವತ್ತಿಗೂ ನಾಚಿಕೆಯ ವಿಷಯ.

ಈ ವಿದ್ಯೆಯ ಕೊರತೆಗೆ ನಮ್ಮ ಕರಾವಳಿಯಲ್ಲಿ ಹಳೆಯ ಇತಿಹಾಸವಿದೆ. ವಿಜಯನಗರದ ಕಾಲದಲ್ಲಿ ಹೋರ್ಮುಜ್ ಮತ್ತು ಅರೇಬಿಯಾದ ಕುದುರೆಗಳು ಭಟ್ಕಳ, ಹೊನ್ನಾವರಗಳಲ್ಲಿ ಇಳಿದು ಘಟ್ಟ ಹತ್ತುತ್ತಿದ್ದವು. 1510ರಲ್ಲಿ ಗೋವೆ ಪೋರ್ಚುಗೀಸರ ವಶವಾದ ಮೇಲೆ ಆ ವ್ಯಾಪಾರ ಅತ್ತ ವಾಲಿತು. ವಿಜಯನಗರದ ಅರಸ ಸಾಳುವ ನರಸಿಂಹ ಕುದುರೆಗಳನ್ನು ಸತ್ತರೂ ಬದುಕಿದರೂ ಕೊಳ್ಳುತ್ತಿದ್ದ, ಸಮುದ್ರದಲ್ಲಿ ಸತ್ತವುಗಳ ಬಾಲ ತಂದು ತೋರಿಸಿದರೂ ಪೂರ್ತಿ ಹಣ ಕೊಡುತ್ತಿದ್ದ ಎಂದು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಸ್ ಬರೆದಿದ್ದಾನೆ. ಅದಕ್ಕೂ ಎರಡು ಶತಮಾನ ಹಿಂದೆ ಮಾರ್ಕೊ ಪೋಲೊ ತಮಿಳು ಕರಾವಳಿಯ ಬಗ್ಗೆ ಹೇಳಿದ್ದು ಇನ್ನೂ ಖಾರವಾಗಿದೆ. ವರ್ಷಕ್ಕೆ ಎರಡು ಸಾವಿರ ಕುದುರೆ ಬಂದರೂ ವರ್ಷದ ಕೊನೆಗೆ ನೂರು ಉಳಿಯುವುದಿಲ್ಲ, ಏಕೆಂದರೆ ಅವುಗಳನ್ನು ನೋಡಿಕೊಳ್ಳಲು ಬಲ್ಲವರಿಲ್ಲ, ಲಾಳ ಕಟ್ಟುವವರು ಅಲ್ಲಿಗೆ ಹೋಗದಂತೆ ವ್ಯಾಪಾರಿಗಳೇ ತಡೆಯುತ್ತಾರೆ ಎಂಬುದು ಅವನ ದೂರು. ಸತ್ತಷ್ಟೂ ಮಾರಾಟ. ಅಂಕಿಗಳಲ್ಲಿ ಉತ್ಪ್ರೇಕ್ಷೆ ಇರಬಹುದು, ವ್ಯಾಪಾರದ ಬುದ್ಧಿಯಲ್ಲಿ ಇಲ್ಲ.

ಈಗ ಈ ಹದಗೊಳಿಸುವ ವಿದ್ಯೆಯ ತರಬೇತಿಯಲ್ಲಿ ಏನು ಕಲಿಸುತ್ತಾರೆ ಎಂಬುದಕ್ಕೆ ಬರೋಣ. ಯಂತ್ರ, ಲೇಸರ್, ಅಯಸ್ಕಾಂತದ ಹೊದಿಕೆ ಇವೆಲ್ಲ ಜಾಹೀರಾತಿನಲ್ಲಿ ಮುಂದೆ ನಿಲ್ಲುತ್ತವೆ. ನನ್ನ ಮಟ್ಟಿಗೆ ಅವು ಹಿಂದಿನ ಸಾಲಿನವು. ಮೊದಲ ಪಾಠ ಕಣ್ಣಿಗೆ. ಕುದುರೆಯನ್ನು ಗಟ್ಟಿನೆಲದ ಮೇಲೆ ಟ್ರಾಟ್‌ನಲ್ಲಿ ಓಡಿಸಿ ತಲೆಯನ್ನು ನೋಡಬೇಕು. ನೋಯುವ ಮುಂಗಾಲು ನೆಲ ಮುಟ್ಟಿದಾಗ ತಲೆ ಮೇಲೇಳುತ್ತದೆ, ಒಳ್ಳೆಯ ಕಾಲು ಮುಟ್ಟಿದಾಗ ಕೆಳಗಿಳಿಯುತ್ತದೆ. ಹೊಸಬರು ತಲೆ ತಗ್ಗಿದಾಗ ಊರಿದ ಕಾಲನ್ನೇ ರೋಗಿಯೆಂದು ತೋರಿಸುತ್ತಾರೆ. ಅಮೆರಿಕದ ಕುದುರೆ ವೈದ್ಯರ ಸಂಘ ಕುಂಟನ್ನು ಸೊನ್ನೆಯಿಂದ ಐದರವರೆಗೆ ಅಳೆಯುವ ಪಟ್ಟಿ ಮಾಡಿದೆ, ಹಲವೆಡೆ ಬಳಕೆಯಲ್ಲಿದೆ. ಆದರೆ ಎರಡು ಬದಿಗಳ ಚಲನೆಯ ನಡುವಿನ ವ್ಯತ್ಯಾಸ ಸುಮಾರು ಕಾಲು ಭಾಗಕ್ಕಿಂತ ಕಡಿಮೆಯಿದ್ದರೆ ಮನುಷ್ಯನ ಕಣ್ಣು ಅದನ್ನು ನಂಬುವಂತೆ ಹಿಡಿಯಲಾರದು. ಅದಕ್ಕಾಗಿಯೇ ದೇಹಕ್ಕೆ ಅಂಟಿಸುವ ಸೆನ್ಸರ್‌ಗಳು ಬಂದಿವೆ.

ಎರಡನೆಯ ಪಾಠ ಕೈಗೆ. ವಿದ್ಯಾರ್ಥಿ ದಿನವೂ ಬೆಳಿಗ್ಗೆ, ಕೆಲಸಕ್ಕೆ ಮುಂಚೆ, ನಾಲ್ಕೂ ಕಾಲುಗಳ ಮೇಲೆ ಅಂಗೈ ಹಾಯಿಸಿ ಬಿಸಿ, ಊತ, ಮುಟ್ಟಿದಾಗಿನ ಮುಲುಕು ಬರೆದಿಡಬೇಕು. ಎಡವನ್ನು ಬಲದೊಂದಿಗೆ, ಇಂದನ್ನು ನಿನ್ನೆಯೊಂದಿಗೆ ಹೋಲಿಸಬೇಕು. ಒಳ್ಳೆಯ ಲಾಯದಾಳು ಯಾವ ಸರ್ಟಿಫಿಕೇಟೂ ಇಲ್ಲದೆ ಇದನ್ನು ಮಾಡುತ್ತಿರುತ್ತಾನೆ. ತರಬೇತಿ ಅವನಿಗೆ ಕೊಡುವುದು ಅಂಗರಚನೆಯ ಹೆಸರುಗಳನ್ನು, ದಾಖಲೆ ಇಡುವ ಶಿಸ್ತನ್ನು, ಯಾವಾಗ ವೈದ್ಯರನ್ನು ಕರೆಯಬೇಕೆಂಬ ತೀರ್ಪನ್ನು. ಇನ್ನು ಜೀನು ಬೆನ್ನಿಗೆ ಹೊಂದುತ್ತದೆಯೇ, ಗೊರಸನ್ನು ಸಮವಾಗಿ ಕತ್ತರಿಸಿದ್ದಾರೆಯೇ, ಹುರುಳಿ ಕಾಳಿನಂಥ ಕಸುವಿನ ಮೇವನ್ನು ಕೆಲಸವಿಲ್ಲದ ದಿನ ಎಷ್ಟು ತಗ್ಗಿಸಬೇಕು ಎಂಬವೂ ಪಠ್ಯದಲ್ಲಿವೆ. ಅಗ್ಗದ ಒಂದು ಉಪಾಯ ನನಗೆ ಬಹಳ ಹಿಡಿಸಿತು. ಗಜ್ಜರಿ ತುಂಡು ತೋರಿಸಿ ಕುದುರೆಯ ಮೂತಿಯನ್ನು ಪಕ್ಕೆಯವರೆಗೆ, ಮುಂಗಾಲುಗಳ ನಡುವಿನವರೆಗೆ ಬಾಗಿಸುವುದು. ಮೂರು ತಿಂಗಳು ತಪ್ಪದೆ ಮಾಡಿದರೆ ಬೆನ್ನುಮೂಳೆಗೆ ಆತುಕೊಂಡಿರುವ ಒಳಸ್ನಾಯು ದಪ್ಪವಾಗುವುದನ್ನು ಅಲ್ಟ್ರಾಸೌಂಡಿನಲ್ಲಿ ಅಳೆದು ತೋರಿಸಿದ್ದಾರೆ. ಖರ್ಚು ಗಜ್ಜರಿಯದು ಮಾತ್ರ.

ಕಲಿಯುವುದು ಎಲ್ಲಿ? ಅಮೆರಿಕದಲ್ಲಿ ಪಶು ಕ್ರೀಡಾವೈದ್ಯಕೀಯ ಮತ್ತು ಪುನಶ್ಚೇತನವನ್ನು 2010ರಲ್ಲಿ ಪ್ರತ್ಯೇಕ ತಜ್ಞಶಾಖೆಯಾಗಿ ಒಪ್ಪಿದರು. ಟೆನ್ನೆಸ್ಸೀ ವಿಶ್ವವಿದ್ಯಾಲಯ ಕುದುರೆ ಪುನಶ್ಚೇತನದಲ್ಲೇ ಪ್ರಮಾಣಪತ್ರದ ಕೋರ್ಸ್ ನಡೆಸುತ್ತದೆ. ಬ್ರಿಟನ್ನಿನಲ್ಲಿ ಮನುಷ್ಯರ ಫಿಸಿಯೊಥೆರಪಿ ಕಲಿತವರು ಮೇಲೆ ಪ್ರಾಣಿಗಳದನ್ನು ಕಲಿಯುವ ದಾರಿಯಿದೆ. ನಮ್ಮಲ್ಲಿ ಮುಖ್ಯ ಬಾಗಿಲು ಐದೂವರೆ ವರ್ಷದ ಪಶುವೈದ್ಯ ಪದವಿ. ಶಿರಸಿಯವರಿಗೆ ಹತ್ತಿರದ ಕಾಲೇಜು ಶಿವಮೊಗ್ಗದಲ್ಲಿದೆ. ಸೇನೆಯ ಅಶ್ವ ಮತ್ತು ಪಶುವೈದ್ಯ ದಳದ ಕೇಂದ್ರ ಮೀರತ್‌ನಲ್ಲಿದೆ. ಕೈ ಪಳಗಬೇಕೆಂದರೆ ಬೆಂಗಳೂರಿನ ರೇಸ್ ಲಾಯಗಳು, ಸವಾರಿ ಶಾಲೆಗಳು. 1984ರ ಪಶುವೈದ್ಯ ಪರಿಷತ್ ಕಾಯ್ದೆಯ ಪ್ರಕಾರ ಚಿಕಿತ್ಸೆಯ ಹೊಣೆ ನೋಂದಾಯಿತ ವೈದ್ಯರದು. ವ್ಯಾಯಾಮ ಮಾಡಿಸುವವರು ಅವರೊಂದಿಗೆ ಕೂಡಿ ಕೆಲಸ ಮಾಡಬೇಕು. ಕೆಲಸವಂತೂ ಹೆಚ್ಚುತ್ತಿದೆ. ಬೆಂಗಳೂರಿನ ಕುದುರೆ ಸವಾರ ಫೌವಾದ್ ಮಿರ್ಜಾ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿ ಗೆದ್ದು, ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಫೈನಲ್ ತಲುಪಿದರು. 2023ರಲ್ಲಿ ಹಾಂಗ್‌ಝೌನ ಏಷ್ಯನ್ ಕೂಟದಲ್ಲಿ ಡ್ರೆಸಾಜ್ (ಕುದುರೆಯ ಹೆಜ್ಜೆಯ ಸೊಗಸನ್ನು ಅಳೆಯುವ ಸ್ಪರ್ಧೆ) ತಂಡ ಚಿನ್ನ ತಂದಿತು. ಪದಕದ ಸುದ್ದಿಯಲ್ಲಿ ಕುದುರೆಯ ಕಾಲು ನೋಡಿಕೊಂಡವರ ಹೆಸರು ಬರುವುದಿಲ್ಲ, ಅದು ಬೇರೆ ಮಾತು.

ನೀರಿನ ವಿಷಯ ಕರಾವಳಿಯವರಿಗೆ ಹೇಳಲೇಬೇಕು. ಇಂಗ್ಲೆಂಡಿನ ರೆಡ್ ರಮ್ ಎಂಬ ಕುದುರೆಗೆ ಗೊರಸಿನೊಳಗಿನ ಮೂಳೆಯ ಕಾಯಿಲೆಯಿತ್ತು. ಅದರ ತರಬೇತುದಾರ ಜಿಂಜರ್ ಮೆಕೇನ್ ಅದನ್ನು ಸೌತ್‌ಪೋರ್ಟ್ ತೀರದ ಮರಳಿನಲ್ಲಿ ಪಳಗಿಸಿ, ಸಮುದ್ರದ ನೀರಿನಲ್ಲಿ ನಡೆಸಿದ. ಕುದುರೆ 1973, 1974 ಮತ್ತು 1977ರಲ್ಲಿ ಗ್ರ್ಯಾಂಡ್ ನ್ಯಾಷನಲ್ ಎಂಬ ಹೆಸರಾಂತ ರೇಸ್ ಗೆದ್ದಿತು. ಇಂದು ಅದೇ ಕೆಲಸಕ್ಕೆ ನೀರಿನೊಳಗಿನ ಟ್ರೆಡ್‌ಮಿಲ್ ಬಂದಿದೆ. ಮೊಣಕೈ ಮಟ್ಟದ ನೀರು ಕಾಲಿನ ಭಾರವನ್ನು ಹತ್ತು ಹದಿನೈದು ಶೇಕಡಾ ತಗ್ಗಿಸಿದರೆ, ಸೊಂಟದ ಮೂಳೆ ಮುಟ್ಟುವ ನೀರು ಮುಕ್ಕಾಲು ಪಾಲು ತಗ್ಗಿಸುತ್ತದೆ. ಹಾಗೆಂದು ಈಜಿಸುವುದೇ ಮದ್ದು ಎಂದುಕೊಳ್ಳಬಾರದು. ಬನವಾಸಿ ಕಡೆ ಹೋರಿ ಹಬ್ಬಕ್ಕೆ ಸಜ್ಜುಮಾಡುವವರು ಹೋರಿಗಳನ್ನು ಕೆರೆಯಲ್ಲಿ ಈಜಿಸುತ್ತಾರೆ, ದಮ್ಮು ಹೆಚ್ಚಿಸಲು ಅದು ಸರಿ. ಕುದುರೆ ಈಜುವಾಗ ತಲೆ ಎತ್ತಿ ಬೆನ್ನು ಕೆಳಗೆ ಬಾಗಿಸುತ್ತದೆ, ಬೆನ್ನುನೋವಿದ್ದದ್ದಕ್ಕೆ ಅದು ಕೇಡು. ಜೊತೆಗೆ ಈಜಿನಲ್ಲಿ ಹೃದಯ ಗಟ್ಟಿಯಾಗುತ್ತದೆ, ಮೂಳೆಗೂ ರಜ್ಜಿಗೂ ಭಾರದ ಪಾಠವೇ ಆಗುವುದಿಲ್ಲ. ಉಮೇದಿನಿಂದ ಕುಣಿಯುವ, ಒಳಗೆ ಹಸಿಯಾಗಿರುವ ಕುದುರೆ ತಯಾರಾಗುತ್ತದೆ. ನಾನು ತಿಂಗಳ ವಿಶ್ರಾಂತಿಯ ನಂತರ ಕೆಲಸಕ್ಕೆ ಹಚ್ಚಿದ್ದು ಅಂಥದ್ದೇ.

ಮರಳಿನಲ್ಲೂ ಎರಡು ಬಗೆ. ಮೇಲಿನ ಒಣಮರಳಿನಲ್ಲಿ ಕಾಲು ಹೂತು ಸ್ನಾಯುಗಳು ಬೇಗ ದಣಿಯುತ್ತವೆ, ದಣಿದ ಸ್ನಾಯು ಎಳೆತವನ್ನೆಲ್ಲ ರಜ್ಜಿನ ಮೇಲೆ ಹೊರಿಸುತ್ತದೆ. ಇಳಿತದ ಹೊತ್ತಿನಲ್ಲಿ ನೀರು ಬಿಟ್ಟುಹೋದ ಒದ್ದೆ ಮರಳು ಬಿಗಿಯಾಗಿಯೂ ಮೃದುವಾಗಿಯೂ ಇರುತ್ತದೆ. ಆದರೆ ತೀರ ಸಮುದ್ರದ ಕಡೆ ವಾಲಿರುವುದರಿಂದ ಒಂದೇ ದಿಕ್ಕಿಗೆ ನಡೆಸಿದರೆ ಒಂದು ಬದಿಯ ಕಾಲುಗಳಿಗೆ ಹೆಚ್ಚು ಭಾರ. ಹೋದಷ್ಟೇ ದೂರ ವಾಪಸು ಬರಬೇಕು. ಆಮೇಲೆ ಸಿಹಿನೀರಿನಿಂದ ಕಾಲು ತೊಳೆಯಬೇಕು.

ಸೆಖೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕುದುರೆ ನಮ್ಮಂತೆ ಬೆವರಿ ತಣಿಯುವ ಪ್ರಾಣಿ, ಕಠಿಣ ಕೆಲಸದಲ್ಲಿ ಗಂಟೆಗೆ ಹತ್ತು ಲೀಟರಿಗಿಂತ ಹೆಚ್ಚು ಬೆವರುತ್ತದೆ, ಬೆವರಿನೊಂದಿಗೆ ಉಪ್ಪೂ ಹೋಗುತ್ತದೆ. ಕಾರವಾರದ ಮೇ ತಿಂಗಳ ಗಾಳಿಯಲ್ಲಿ ಬೆವರು ಆರುವುದಿಲ್ಲ, ಬರೀ ತೊಟ್ಟಿಕ್ಕುತ್ತದೆ. ಬಿಸಿಯಾದ ಕುದುರೆಗೆ ತಣ್ಣೀರು ಹಾಕಿದರೆ ಸ್ನಾಯು ಸೆಟೆದುಕೊಳ್ಳುತ್ತದೆ ಎಂಬ ನಂಬಿಕೆ ಲಾಯಗಳಲ್ಲಿ ಗಟ್ಟಿಯಾಗಿತ್ತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಮುಂಚೆ, ಅಲ್ಲಿನ ಸೆಖೆಗೆ ಹೆದರಿ ನಡೆಸಿದ ಸಂಶೋಧನೆಗಳು ಅದನ್ನು ಸುಳ್ಳು ಮಾಡಿದವು. ಮೈತುಂಬ ತಣ್ಣೀರು ಸುರಿಯುತ್ತಲೇ ಇರುವುದು ಅತ್ಯಂತ ಬೇಗ ತಣಿಸುವ ವಿಧಾನ ಎಂದು ಗೊತ್ತಾಯಿತು.

ನಮ್ಮ ಕಂದು ಕುದುರೆಗೆ ಮೇ ಕೊನೆಯಲ್ಲಿ ಎರಡನೆಯ ಬಾರಿ ಲೆಕ್ಕ ಶುರುವಾಯಿತು. ಈ ಸಲ ಚಿತ್ರ ತೆಗೆದೆ. ಬೂದು ಬಣ್ಣದ ರಜ್ಜಿನ ನಡುವೆ ಕಪ್ಪು ತೂತು, ಯಾರಿಗೂ ಕಾಣುವಷ್ಟು ಸ್ಪಷ್ಟ. ಮಾಲೀಕನಿಗೆ ತೋರಿಸಿದೆ, ಅವನು ಬಹಳ ಹೊತ್ತು ಮಾತಾಡಲಿಲ್ಲ. ಹತ್ತು ತಿಂಗಳು ದುಡಿಯದ ಕುದುರೆಗೆ ಮೇವು ಹಾಕುವುದು ಹೇಗೆ ಎಂಬುದು ಯಾವ ಪಠ್ಯದಲ್ಲೂ ಇಲ್ಲದ ಪ್ರಶ್ನೆ. ಮಳೆ ಶುರುವಾಗಿ ತೀರದ ವ್ಯಾಪಾರ ಹೇಗೂ ನಿಂತದ್ದು ನಮ್ಮ ಅದೃಷ್ಟ. ನಾಲ್ಕು ತಿಂಗಳು ಅವನೇ ಛತ್ರಿ ಹಿಡಿದು, ಮೊಬೈಲ್‌ನಲ್ಲಿ ನಿಮಿಷ ನೋಡಿಕೊಂಡು ರಸ್ತೆಯಂಚಿನಲ್ಲಿ ಅದನ್ನು ನಡೆಸಿದ.

ಕಷ್ಟ ಬಂದದ್ದು ಡಿಸೆಂಬರಿನಲ್ಲಿ. ತೀರ ತುಂಬಾ ಜನ, ಅವನ ಬಿಳಿ ಹೆಣ್ಣುಕುದುರೆಯೊಂದೇ ಇಡೀ ದಿನ ಓಡಾಡುತ್ತಿತ್ತು. ಕಂದು ಕುದುರೆ ಗಾಳಿಮರದ ನೆರಳಿನಲ್ಲಿ ಕಾಲು ಕೆರೆಯುತ್ತ, ನೋಡಿದವರಿಗೆಲ್ಲ ಹೊಚ್ಚ ಹೊಸದರಂತೆ ಕಾಣುತ್ತಿತ್ತು. ಬೆಳಗಿನ ಇಳಿತದಲ್ಲಿ ಒದ್ದೆ ಮರಳಿನ ಮೇಲೆ ಐದು ನಿಮಿಷ ಟ್ರಾಟ್ ಮಾಡಿಸಿದೆವು. ತಲೆ ಏಳಲಿಲ್ಲ, ಬೀಳಲಿಲ್ಲ. ಎರಡೂ ಕಾಲುಗಳ ಹಿಂಬದಿಗೆ ಅಂಗೈ ಇಟ್ಟೆ, ಬಿಸಿ ಒಂದೇ ಸಮ.

'ಡಾಕ್ಟರೇ, ಹೊಸ ವರ್ಷಕ್ಕೆ?' ಎಂದ.

'ಹೊಸ ವರ್ಷಕ್ಕೆ ಏಳು ನಿಮಿಷ' ಎಂದೆ.